ಕೆಟ್ಟ ಸುದ್ದಿ ಎಷ್ಟು ತಡವಾಗಿ ಬಂತು?

ಕೇಳುಗರಿಗೆ ನಮಸ್ಕಾರ.

ವರ್ಷ ಮುಗಿಯುವ ಹೊತ್ತಿಗೆ ಪ್ರತಿ ಮುಖ್ಯಸ್ಥರ ಮೇಜಿನ ಮೇಲೂ ಒಂದು ವರದಿ ಬಂದು ಕೂರುತ್ತದೆ. ಗುರಿ ಇಷ್ಟು, ಸಾಧನೆ ಇಷ್ಟು, ಬಾಕಿ ಇಷ್ಟು. ತಂಡ ಏನು ಮಾಡಿತು ಎಂಬುದಕ್ಕೆ ಅದರಲ್ಲಿ ಲೆಕ್ಕವಿರುತ್ತದೆ. ಆ ತಂಡದ ಎದುರು ನಾವು ಹೇಗೆ ನಡೆದುಕೊಂಡೆವು, ಯಾರ ಮಾತನ್ನು ಅರ್ಧಕ್ಕೆ ತಡೆದೆವು, ಯಾರನ್ನು ಕೇಳದೆಯೇ ತೀರ್ಮಾನಿಸಿದೆವು ಎಂಬುದಕ್ಕೆ ಯಾವ ಕೋಷ್ಟಕವೂ ಇರುವುದಿಲ್ಲ. ಇಂದು ಮಾತಾಡಬೇಕೆಂದಿರುವುದು ಆ ಬರೆಯದ ಲೆಕ್ಕದ ಬಗ್ಗೆ.

ಹಿಂದಿನದನ್ನು ಪರಿಶೀಲಿಸಲು ಕುಳಿತಾಗ ನಾವು ಮೊದಲು ನೆಚ್ಚುವುದು ನೆನಪನ್ನು. ನೆನಪು ಸದಾ ಯಜಮಾನನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಫಲಿತಾಂಶ ತಿಳಿದ ಮೇಲೆ ‘ಇದು ನನಗೆ ಮೊದಲೇ ಅನ್ನಿಸಿತ್ತು’ ಎಂದು ಮನುಷ್ಯ ಪ್ರಾಮಾಣಿಕವಾಗಿಯೇ ನಂಬತೊಡಗುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿಯೇ ಪ್ರಯೋಗಗಳಿಂದ ತೋರಿಸಿದರು. ಹೀಗಾಗಿ ಫಲಿಸಿದ ನಿರ್ಧಾರ ನಮ್ಮ ದೂರದೃಷ್ಟಿಯ ಖಾತೆಗೆ ಹೋಗುತ್ತದೆ, ಕೈಕೊಟ್ಟದ್ದು ಪರಿಸ್ಥಿತಿಯ ತಲೆಗೆ ಬೀಳುತ್ತದೆ. ಆಡಳಿತ ಚಿಂತಕ ಪೀಟರ್ ಡ್ರಕರ್ ಇದಕ್ಕೆ ಹೇಳಿದ ಉಪಾಯ ಸರಳ: ಮುಖ್ಯ ನಿರ್ಧಾರ ಕೈಗೊಳ್ಳುವಾಗಲೇ ಏನನ್ನು ನಿರೀಕ್ಷಿಸುತ್ತೀರಿ ಎಂದು ಬರೆದಿಡಿ, ಒಂಬತ್ತು ಹನ್ನೆರಡು ತಿಂಗಳ ಬಳಿಕ ತೆಗೆದು ತಾಳೆ ನೋಡಿ. ಈ ವರ್ಷ ಬರೆದಿಡದವರು ದಿನಚರಿ, ಸಭೆಗಳ ನಡಾವಳಿ, ಹಳೆಯ ಇಮೇಲ್‌ಗಳನ್ನಾದರೂ ತೆರೆಯಬಹುದು. ಅವು ಮುಲಾಜು ನೋಡುವುದಿಲ್ಲ.

ಅಧಿಕಾರದಲ್ಲಿದ್ದೇ ತನ್ನ ರೀತಿಯನ್ನು ತಿದ್ದಿಕೊಂಡವರ ಪೈಕಿ ನನಗೆ ಮತ್ತೆ ಮತ್ತೆ ಎದುರಾಗುವವರು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ. 1961ರ ಏಪ್ರಿಲ್‌ನಲ್ಲಿ, ಗುಪ್ತಚರ ಸಂಸ್ಥೆ ಸಿಐಎ ತರಬೇತಿ ಕೊಟ್ಟಿದ್ದ ಸುಮಾರು 1,400 ಮಂದಿ ಕ್ಯೂಬಾದ ಬೇ ಆಫ್ ಪಿಗ್ಸ್ ಕರಾವಳಿಯಲ್ಲಿ ಇಳಿದರು. ಅವರೆಲ್ಲ ಕ್ಯೂಬಾ ತೊರೆದು ಹೋಗಿದ್ದವರು, ಅಲ್ಲಿನ ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು ಬಂದವರು. ಮೂರು ದಿನಗಳೊಳಗೆ ಕಥೆ ಮುಗಿಯಿತು. 1,100ಕ್ಕೂ ಹೆಚ್ಚು ಜನ ಸೆರೆಯಾದರು. ಸಲಹೆಗಾರ ಆರ್ಥರ್ ಶ್ಲೆಸಿಂಜರ್ ಈ ಯೋಜನೆ ಬೇಡವೆಂದು ಅಧ್ಯಕ್ಷರಿಗೆ ಟಿಪ್ಪಣಿ ಬರೆದಿದ್ದರು. ಆದರೆ ಎಲ್ಲರೂ ಕುಳಿತ ಸಭೆಯಲ್ಲಿ ಬಹುಮಟ್ಟಿಗೆ ಸುಮ್ಮನಿದ್ದರು. ಮುಂದೆ ಆ ಮೌನಕ್ಕಾಗಿ ತಾವೇ ಪಶ್ಚಾತ್ತಾಪಪಟ್ಟರು. ಅಂದರೆ ಭಿನ್ನಾಭಿಪ್ರಾಯ ಇತ್ತು, ಅದು ಮೇಜಿನ ಮೇಲೆ ಬರಲಿಲ್ಲ. ಕೆನಡಿ ಸೋಲಿನ ಹೊಣೆಯನ್ನು ಬಹಿರಂಗವಾಗಿ ಹೊತ್ತರು. ಎಲ್ಲಿ ತಪ್ಪಿತೆಂದು ನೋಡುವ ಕೆಲಸವನ್ನು ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ಅವರಿಗೆ ವಹಿಸಿದರು.

ಮರುವರ್ಷದ ಅಕ್ಟೋಬರ್‌ನಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡವು. ಸುತ್ತ ಕುಳಿತವರಲ್ಲಿ ಹಲವರು ಹಿಂದಿನವರೇ. ಈ ಸಲ ಕೆನಡಿ ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು, ತಾವಿದ್ದರೆ ಜನ ಬಿಚ್ಚಿ ಮಾತಾಡುವುದಿಲ್ಲ ಎಂದು. ಮೇಲಧಿಕಾರಿ, ಕೆಳಗಿನವರು ಎಂಬ ಕ್ರಮ ಸಡಿಲವಾಯಿತು. ಮೊದಲ ದಿನ ಎಲ್ಲರ ಬಾಯಲ್ಲಿದ್ದದ್ದು ವಾಯುದಾಳಿ. ಕೊನೆಗೆ ಆಯ್ದುಕೊಂಡದ್ದು ನೌಕಾ ದಿಗ್ಬಂಧನ. ಯುದ್ಧ ತಪ್ಪಿದ್ದಕ್ಕೆ ಸಭೆಯ ರೀತಿಯೊಂದೇ ಕಾರಣ ಎಂದರೆ ಅತಿಶಯೋಕ್ತಿಯಾದೀತು. ತೆರೆಮರೆಯ ಕೊಡುಕೊಳ್ಳುವಿಕೆಯೂ ಇತ್ತು, ಅದೃಷ್ಟವೂ ಇತ್ತು. ಆದರೂ ಗಮನಿಸಿ: ‘ಇನ್ನು ಮುಂದೆ ಚೆನ್ನಾಗಿ ಕೇಳಿಸಿಕೊಳ್ಳುತ್ತೇನೆ’ ಎಂಬ ಸಂಕಲ್ಪವನ್ನು ನೆಚ್ಚಿಕೊಳ್ಳದೆ ಅವರು ಕೋಣೆಯಿಂದಲೇ ಎದ್ದು ಹೋದರು. ಹೊಸ ವರ್ಷದ ಸಂಕಲ್ಪಗಳ ಬಗ್ಗೆ ನನಗೆ ಅಷ್ಟಾಗಿ ನಂಬಿಕೆಯಿಲ್ಲದಿರುವುದು ಇದೇ ಕಾರಣಕ್ಕೆ.

ನಾಯಕತ್ವದ ಗುಣಗಳ ಉದ್ದನೆಯ ಪಟ್ಟಿಗಳನ್ನು ಬದಿಗಿಟ್ಟು, ಒಂದೇ ಒಂದು ಸಂಗತಿಯನ್ನು ಅಳೆದು ನೋಡಿ ಎನ್ನುತ್ತೇನೆ. ಕಳೆದ ವರ್ಷದ ಎರಡು ಮೂರು ಕೆಟ್ಟ ಸುದ್ದಿಗಳನ್ನು ಆರಿಸಿಕೊಳ್ಳಿ. ತಂಡದಲ್ಲಿ ಯಾರಿಗಾದರೂ ಅದು ಮೊದಲು ತಿಳಿದ ದಿನ ಯಾವುದು, ನಿಮ್ಮ ಕಿವಿಗೆ ಬಿದ್ದ ದಿನ ಯಾವುದು? ನಡುವೆ ಒಂದು ದಿನವಿದ್ದರೆ ಸರಿ. ಒಂದು ತಿಂಗಳಿದ್ದರೆ, ಆ ತಿಂಗಳು ಜನ ನಿಮ್ಮ ಮುಖಭಾವವನ್ನು ಲೆಕ್ಕ ಹಾಕುತ್ತಿದ್ದರು ಎಂದೇ ಅರ್ಥ. ಬಹುಶಃ ಹಿಂದೊಮ್ಮೆ ಯಾರೋ ಬೇಗ ಬಂದು ಹೇಳಿದ್ದರು, ಹೇಳಿದ್ದಕ್ಕೆ ಬೈಸಿಕೊಂಡಿದ್ದರು. ಉಳಿದವರು ಅದನ್ನು ನೋಡಿದ್ದರು.

ಇನ್ನೊಂದು ಅಭ್ಯಾಸ ಚಿಕ್ಕದು: ಪ್ರಶ್ನೆ ಕೇಳಿ ಕಾಯದಿರುವುದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡರು. ಅದು ತರಗತಿಯ ಮಾತು. ಸಭೆಗಳಲ್ಲಿ ಬೇರೆಯಾಗಿರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಪರಿಶೀಲನೆಯನ್ನು ಒಬ್ಬರೇ ಕುಳಿತು ಮುಗಿಸಬೇಡಿ. ತಂಡದಲ್ಲಿ ಎಲ್ಲರಿಗಿಂತ ಕಿರಿಯರನ್ನು ಕೇಳಿ. ‘ನಾನು ಹೇಗೆ ಕೆಲಸ ಮಾಡುತ್ತಿದ್ದೇನೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ನನಗೆ ಹೇಳಬೇಕೆಂದುಕೊಂಡು ಹೇಳದೆ ಬಿಟ್ಟದ್ದು ಏನು?’ ಎಂದು ಕೇಳಿ. ಮೊದಲಿಗೆ ಸಿಗುವ ಉತ್ತರ ತೀರ ಸಣ್ಣದಿರುತ್ತದೆ, ಸಭೆ ಹೊತ್ತಿಗೆ ಸರಿಯಾಗಿ ಶುರುವಾಗುವುದಿಲ್ಲ ಎಂಬಂಥದ್ದು. ಸಮಜಾಯಿಷಿ ಕೊಡದೆ ಅದನ್ನು ಸರಿಪಡಿಸಿ. ದೊಡ್ಡ ಉತ್ತರ ಕೊಡಬೇಕೋ ಬೇಡವೋ ಎಂದು ಅವರು ತೀರ್ಮಾನಿಸುವುದು ಅದನ್ನು ನೋಡಿದ ಮೇಲೆಯೇ.

ನಮಸ್ಕಾರ.