ಒಬ್ಬನ ಎದುರು 450 ಮಂದಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಣವನ್ನು ಗಾಳಿಯಾಡುವ ದಿಬ್ಬದ ಮೇಲೆ ಯಾಕೆ ಮಾಡುತ್ತಾರೆಂದು ರಾಶಿ ತೂರಿದವರಿಗೆ ಗೊತ್ತು. ಗಾಳಿ ಇಲ್ಲದಿದ್ದರೆ ಹೊಟ್ಟು ಹಾರುವುದಿಲ್ಲ. ಆದರೆ ಬೈಬಲಿನ ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯದಲ್ಲಿ ಗಿದ್ಯೋನ ಎಂಬ ಇಸ್ರಾಯೇಲ್ಯ ಗೋಧಿ ಬಡಿಯುತ್ತಿರುವುದು ದ್ರಾಕ್ಷಿ ತುಳಿಯುವ ತೊಟ್ಟಿಯಲ್ಲಿ. ಆ ಕಾಲದಲ್ಲಿ ಅಂಥ ತೊಟ್ಟಿಯನ್ನು ಬಂಡೆಯಲ್ಲೇ ಕೊರೆಯುತ್ತಿದ್ದರು. ಎತ್ತು ತಿರುಗಿಸಲು ಜಾಗವಿಲ್ಲ, ತೂರಲು ಗಾಳಿಯಿಲ್ಲ. ಕೋಲಿನಿಂದ ಬಡಿದರೆ ಸಿಗುವುದು ಮೊರದ ಲೆಕ್ಕದ ಕಾಳು. 7 ವರ್ಷಗಳಿಂದ ಮಿದ್ಯಾನ್ಯರೆಂಬ ಶತ್ರುಕುಲದವರು ಒಂಟೆಗಳೊಂದಿಗೆ ಬೆಳೆಯ ಹೊತ್ತಿಗೆ ಸರಿಯಾಗಿ ಮಿಡತೆಗಳ ಹಾಗೆ ಬಂದಿಳಿದು, ಪೈರು, ಕುರಿ, ದನ, ಕತ್ತೆ ಏನನ್ನೂ ಉಳಿಸುತ್ತಿರಲಿಲ್ಲ. ಅದಕ್ಕೇ ಈ ಬಚ್ಚಿಟ್ಟುಕೊಂಡ ಬಡಿತ.

ಇವನನ್ನು ದೇವದೂತ ಪರಾಕ್ರಮಶಾಲಿ ಎಂದು ಕರೆದ. ಗಿದ್ಯೋನ ಎದುರು ಪ್ರಶ್ನೆ ಹಾಕಿದ: ದೇವರು ನಮ್ಮ ಜೊತೆಗಿದ್ದರೆ ನಮಗೆ ಇದೆಲ್ಲ ಯಾಕೆ ಬಂತು? ಕೇಳಿದ್ದಕ್ಕೆ ಬೈಗುಳವೂ ಸಿಗಲಿಲ್ಲ, ವಿವರಣೆಯೂ ಸಿಗಲಿಲ್ಲ. ಸಿಕ್ಕಿದ್ದು ಕೆಲಸ. ತನ್ನ ಊರು ಒಫ್ರದಲ್ಲಿ ತಂದೆ ಇಟ್ಟುಕೊಂಡಿದ್ದ, ಬಾಳ ಎಂಬ ಅನ್ಯದೇವತೆಯ ಬಲಿಪೀಠವನ್ನು ಕೆಡವಬೇಕಿತ್ತು. ಮನೆಯವರಿಗೂ ಊರವರಿಗೂ ಹೆದರಿ, 10 ಆಳುಗಳನ್ನು ಕರೆದುಕೊಂಡು ರಾತ್ರಿ ಹೋಗಿ ಕೆಡವಿದ. ಭಯ ಹೋಗಲಿ, ಆಮೇಲೆ ನೋಡೋಣ ಎಂದು ಕೂತಿದ್ದರೆ ಆ ಪೀಠ ಬೀಳುತ್ತಿರಲಿಲ್ಲ.

ಮುಂದಿನದು ಉಣ್ಣೆಯ ಪ್ರಸಂಗ. ನೀನು ಹೇಳಿದಂತೆ ನನ್ನ ಕೈಯಿಂದಲೇ ಇಸ್ರಾಯೇಲ್ಯರನ್ನು ಬಿಡಿಸುತ್ತೀ ಎಂಬುದಕ್ಕೆ ಗುರುತು ತೋರಿಸು ಎಂದು ಗಿದ್ಯೋನ ದೇವರನ್ನು ಕೇಳಿದ. ಮೊದಲ ರಾತ್ರಿ ಕಣದಲ್ಲಿ ಹಾಸಿದ ಉಣ್ಣೆ ಮಾತ್ರ ಒದ್ದೆ. ಹಿಂಡಿದರೆ ಒಂದು ಬಟ್ಟಲು ನೀರು. ಮರುರಾತ್ರಿ ನೆಲ ಒದ್ದೆ, ಉಣ್ಣೆ ಒಣ. ಇದನ್ನು ದೇವರ ಚಿತ್ತ ತಿಳಿಯುವ ವಿಧಾನವೆಂದು ಹಿಡಿದವರು ಎಡವುತ್ತಾರೆ. ಏನು ಮಾಡಬೇಕೆಂದು ಗಿದ್ಯೋನನಿಗೆ ಆಗಲೇ ಗೊತ್ತಿತ್ತು. 'ನೀನು ಹೇಳಿದಂತೆ' ಎಂದು ಅವನೇ ಒಪ್ಪಿಕೊಂಡು ಕೇಳುತ್ತಾನೆ. ದೇವರು ಅವನ ಅಳುಕನ್ನು ಸಹಿಸಿಕೊಂಡ, ಅಷ್ಟೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ, ದೇವರು ವಾಸಿ ಮಾಡುತ್ತಾನೋ ನೋಡೋಣ ಎನ್ನುವುದು ವಿಶ್ವಾಸವಲ್ಲ, ದೇವರಿಗೆ ಇಡುವ ಪರೀಕ್ಷೆ.

ಈಗ ಲೆಕ್ಕಕ್ಕೆ ಬರೋಣ. ಎದುರಾಳಿಗಳು 1,35,000. ಹರೋದಿನ ಬುಗ್ಗೆಯ ಬಳಿ ಇಳಿದ ಇಸ್ರಾಯೇಲ್ಯರು 32,000, ಅಂದರೆ ಒಬ್ಬನಿಗೆ ನಾಲ್ವರು. ಹೆದರಿದವರು ಹೋಗಿ ಎಂದಾಗ 22,000 ಮಂದಿ ಎದ್ದು ನಡೆದರು. ಉಳಿದ 10,000 ಮಂದಿಯನ್ನು ನೀರಿಗಿಳಿಸಿ, ಕೈಯಲ್ಲಿ ನೀರೆತ್ತಿ ನೆಕ್ಕಿದ 300 ಮಂದಿಯನ್ನು ಮಾತ್ರ ಇಟ್ಟುಕೊಂಡದ್ದಾಯಿತು. ಈಗ ಒಬ್ಬನಿಗೆ 450! ನೆಕ್ಕಿದವರು ಹೆಚ್ಚು ಎಚ್ಚರದವರು, ಶೂರರು ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ಗ್ರಂಥ ಹಾಗೆನ್ನುವುದಿಲ್ಲ. ಜನ ಹೆಚ್ಚಿದ್ದರೆ ನಮ್ಮ ಕೈಯೇ ನಮ್ಮನ್ನು ಉಳಿಸಿತು ಎಂದುಕೊಂಡಾರು ಎಂಬುದೊಂದೇ ಅದು ಕೊಡುವ ಕಾರಣ.

ಅದೇ ರಾತ್ರಿಯ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುತ್ತದೆ. ದಾಳಿಗೆ ಹೆದರಿಕೆಯಾದರೆ ಮೊದಲು ನಿನ್ನ ಆಳು ಪುರಾನನ್ನು ಕರೆದುಕೊಂಡು ಪಾಳೆಯಕ್ಕೆ ಇಳಿದು, ಅವರು ಆಡುವ ಮಾತು ಕೇಳು ಎಂದ ದೇವರು. ಹೋಗಿ ಕಿವಿಗೊಟ್ಟರೆ, ಅಲ್ಲಿ ಒಬ್ಬ ಸಿಪಾಯಿ ತನ್ನ ಕನಸು ಹೇಳುತ್ತಿದ್ದಾನೆ: ಜವೆಗೋಧಿಯ ರೊಟ್ಟಿಯೊಂದು ಉರುಳಿ ಬಂದು ಡೇರೆಯನ್ನು ಕೆಡವಿತಂತೆ. ಜವೆಗೋಧಿ ಬಡವರ ಕಾಳು. ಅದು ಗಿದ್ಯೋನನ ಕತ್ತಿಯೇ, ನಾವು ಸೋತೆವು ಎಂದ ಅವನ ಜೊತೆಗಾರ. ಹೆದರಿದವರು ಅತ್ತಲೂ ಇದ್ದರು! ಬ್ಯಾಂಕಿನ ನೋಟೀಸನ್ನು ಒಡೆಯದೆ ಬೈಬಲಿನೊಳಗೆ ಸಿಕ್ಕಿಸಿ ಪ್ರಾರ್ಥಿಸುವ ಮನೆಗಳಿವೆ. ಇಂದು ರಾತ್ರಿ ಅದನ್ನು ಒಡೆಯಿರಿ. ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಸಲೆಷ್ಟು, ಬಡ್ಡಿಯೆಷ್ಟು, ಗಡುವು ಯಾವತ್ತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಆ ಅಂಕಿಯನ್ನೇ ಹೇಳಿ ಪ್ರಾರ್ಥಿಸಿ. ಮುಂಜಾನೆ ಮೊದಲ ಕೆಲಸವಾಗಿ ಬ್ಯಾಂಕಿಗೆ ಹೋಗಿ, ಇನ್ನಷ್ಟು ಗಡುವು ಕೇಳಿ.

ದಾಳಿ ನಡೆದದ್ದು ನಡುಜಾವದ ಆರಂಭದಲ್ಲಿ, ಆಗಷ್ಟೇ ಕಾವಲು ಬದಲಾದಾಗ. ನೂರು ನೂರರ ಮೂರು ಗುಂಪು. ಪ್ರತಿಯೊಬ್ಬನಿಗೂ ಒಂದು ಕೊಂಬು, ಒಂದು ಬರಿ ಕೊಡ, ಅದರೊಳಗೆ ಪಂಜು. ಕೊಡವಿದ್ದುದರಿಂದ ಒಡೆಯುವವರೆಗೆ ಬೆಳಕು ಹೊರಗೆ ಕಾಣಲಿಲ್ಲ. ಒಡೆದಾಗ ಭಾರೀ ಸದ್ದು. ಎಡಗೈಯಲ್ಲಿ ಪಂಜು, ಬಲಗೈಯಲ್ಲಿ ಕೊಂಬು. ಕತ್ತಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಪಾಳೆಯದ ಸುತ್ತ ತಂತಮ್ಮ ಜಾಗದಲ್ಲಿ ನಿಂತರು. ಮಿದ್ಯಾನ್ಯರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕಡಿದುಕೊಂಡು ಓಡಿದರು.

ಗೆದ್ದ ಮೇಲಿನದನ್ನೂ ಗ್ರಂಥ ಮುಚ್ಚಿಡುವುದಿಲ್ಲ. ಅರಸನಾಗು ಎಂದರೆ ಗಿದ್ಯೋನ ಒಲ್ಲೆನೆಂದ. ಕೊಳ್ಳೆಯ ಮುರುವುಗಳನ್ನು ಮಾತ್ರ ಕೇಳಿ ಪಡೆದ. ತೂಗಿದರೆ 1,700 ಶೆಕೆಲ್ ಚಿನ್ನ, ಇಂದಿನ ಲೆಕ್ಕದಲ್ಲಿ ಸುಮಾರು 19 ಕಿಲೋ. ಅದರಿಂದ ಏಫೋದು, ಅಂದರೆ ಯಾಜಕರು ತೊಡುವಂಥ ಪೂಜೆಯ ಮೇಲುಡುಪು, ಮಾಡಿಸಿ ಊರಲ್ಲಿಟ್ಟ. ಜನ ಅದನ್ನೇ ಪೂಜಿಸತೊಡಗಿದರು. ಆ ಊರು ಒಫ್ರ, ಅವನು ರಾತ್ರಿ ಹೆದರಿ ಹೆದರಿ ಬಾಳನ ಪೀಠ ಕೆಡವಿದ ಊರೇ.

ನಮಸ್ಕಾರ.