ಮೂರೇ ಜನ, ಮೈತುಂಬಾ ಸದ್ದು: ಬಡ್ಜಿಯ 1973ರ ಆಲ್ಬಮ್

[ಪರದೆ: ಆಲ್ಬಮ್ ಕವರ್]

ನಮಸ್ಕಾರ. ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ನುಡಿಸಿದ 'ಬ್ರೆಡ್‌ಫ್ಯಾನ್' ಹಾಡನ್ನು ನಿಮ್ಮಲ್ಲಿ ಬಹಳ ಜನ ಕೇಳಿರುತ್ತೀರಿ. ಅದರ ಮೂಲ ವೇಲ್ಸ್‌ನ ಕಾರ್ಡಿಫ್. ಬಡ್ಜಿ ಅನ್ನುವ ಮೂವರ ತಂಡ 1973ರಲ್ಲಿ ತಂದ 'ನೆವರ್ ಟರ್ನ್ ಯುವರ್ ಬ್ಯಾಕ್ ಆನ್ ಎ ಫ್ರೆಂಡ್' ಶುರುವಾಗುವುದೇ ಈ ಹಾಡಿನಿಂದ. ಕವರ್ ಚಿತ್ರ ರೋಜರ್ ಡೀನ್ ಅವರದು.

ಇದರಲ್ಲಿ ಬರ್ಕ್ ಶೆಲ್ಲಿ ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುತ್ತಲೇ ಹಾಡಿದ್ದಾರೆ. ಗಿಟಾರ್ ಟೋನಿ ಬೋರ್ಜ್, ಡ್ರಮ್ಸ್ ರೇ ಫಿಲಿಪ್ಸ್. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಮೂರು ಆಲ್ಬಮ್ ಮಾಡಿಸಿದ ರಾಡ್ಜರ್ ಬೇನ್ ಅವರೇ ಬಡ್ಜಿಯ ಚೊಚ್ಚಲ ಆಲ್ಬಮ್ಮಿಗೂ ನಿರ್ಮಾಪಕರು. ಆದರೂ ಸಬ್ಬತ್ ಹೆಸರು ಎಲ್ಲರ ಬಾಯಲ್ಲಿ, ಬಡ್ಜಿಯದು ಗಿಟಾರ್ ಹಿಡಿದವರ ಬಾಯಲ್ಲಿ ಮಾತ್ರ. ಇದು ನ್ಯಾಯವಲ್ಲ.

[ಪರದೆ: ಬೇಸ್ ಮತ್ತು ಗಿಟಾರ್, ಅಕ್ಕಪಕ್ಕ]

ಮೂವರ ತಂಡಕ್ಕೆ ಒಂದು ಖಾಯಂ ತೊಂದರೆ ಇದೆ. ಗಿಟಾರಿಸ್ಟ್ ಸೋಲೋಗೆ (ಒಂಟಿಯಾಗಿ ಮುಂದೆ ನುಡಿಸುವ ಭಾಗಕ್ಕೆ) ಹೋದರೆ ಹಿಂದೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯಲು ಇನ್ನೊಬ್ಬರಿಲ್ಲ, ಹಾಡು ಪೊಳ್ಳಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಶೆಲ್ಲಿಯ ಬೇಸ್ ಸುಮ್ಮನೆ ತಳದಲ್ಲಿ ಕೂತಿರದೆ ಎರಡನೇ ಗಿಟಾರಿನ ಕೆಲಸ ಮಾಡುತ್ತದೆ. ಹೆಡ್‌ಫೋನ್ ಹಾಕಿ, ಗಿಟಾರ್ ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ ಕೇಳಿ.

'ಬ್ರೆಡ್‌ಫ್ಯಾನ್' ನುಡಿಸಬೇಕೆನ್ನುವವರಿಗೆ: ಮೊದಲು ಯೂಟ್ಯೂಬ್ ವೇಗವನ್ನು 0.5ಕ್ಕೆ ಇಳಿಸಿ. ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ತಡವರಿಸದೆ ಬಂದ ಮೇಲೆ 0.75, ಆಮೇಲೆ ಪೂರ್ತಿ ವೇಗ. ಪಿಕ್ ಕೆಳಗೆ-ಮೇಲೆ, ಕೆಳಗೆ-ಮೇಲೆ ಹೋಗಲಿ. ಎಲ್ಲವನ್ನೂ ಕೆಳಗೇ ಹೊಡೆದರೆ ಮಣಿಕಟ್ಟು ಬಿಗಿದು ವೇಗ ಕುಸಿಯುತ್ತದೆ. ಗಿಟಾರಿನ ಗೇನ್ (ಸದ್ದನ್ನು ಒರಟಾಗಿಸುವ ಆಂಪ್ ಗುಂಡಿ) ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇಡಿ. ಗೇನ್ ಹೆಚ್ಚಾದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ರಿಫ್ ಕಲಸಿಹೋಗುತ್ತದೆ. ಬೇಸ್ ಆಂಪ್‌ನಲ್ಲಿ ಲೋ (ತಗ್ಗಿನ ಸದ್ದು) ತಗ್ಗಿಸಿ, ಮಿಡ್ (ನಡುವಿನ ಸದ್ದು) ಏರಿಸಿ. ಲೋ ಜಾಸ್ತಿಯಾದರೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಜೊತೆ ಗುದ್ದಾಡಿ ಎರಡೂ ಮಸುಕಾಗುತ್ತವೆ.

ಇನ್ನೊಂದು ಕಡೆ ಹೆಚ್ಚಿನವರು ಎಡವುತ್ತಾರೆ. ಹಾಡು ನಡುವೆ ಥಟ್ಟನೆ ಮೆತ್ತಗಾಗಿ, ಮತ್ತೆ ರಿಫ್‌ಗೆ ಮರಳುತ್ತದೆ. ಆ ಹುರುಪಿನಲ್ಲಿ ಡ್ರಮ್ಮರ್ ವೇಗ ಏರಿಸಿಬಿಡುತ್ತಾರೆ. ಮೆತ್ತನೆಯ ಭಾಗ ಮುಗಿದು ರಿಫ್ ಬರುವ ಜಾಗವನ್ನೇ ಮೆಟ್ರೋನೋಮ್ (ಲಯ ಎಣಿಸುವ ಸಾಧನ) ಇಟ್ಟು ಬೇರೆಯಾಗಿ ಅಭ್ಯಾಸ ಮಾಡಿ.

[ಪರದೆ: ಹಾಡುಗಳ ಪಟ್ಟಿ]

ಕೊನೆಯ ಹಾಡು 'ಪೇರೆಂಟ್ಸ್' ಹತ್ತು ನಿಮಿಷ ದಾಟುತ್ತದೆ, ನಿಧಾನವಾದದ್ದು. ಬೋರ್ಜ್ ಅವರ ಗಿಟಾರ್ ನನಗೆ ಅತ್ಯಂತ ಇಷ್ಟವಾಗುವುದು ಇಲ್ಲಿಯೇ. ಅವಸರಪಟ್ಟು ಮುಂದಕ್ಕೆ ಓಡಿಸಬೇಡಿ. ಈ ಮೂವರು ಜೊತೆಯಾಗಿ ಮಾಡಿದ ಮೂರನೇ ಆಲ್ಬಮ್ ಇದು. ಇದಾದ ಮೇಲೆ ಫಿಲಿಪ್ಸ್ ಹೊರನಡೆದರು, 1974ರ 'ಇನ್ ಫಾರ್ ದ ಕಿಲ್' ಹೊತ್ತಿಗೆ ಡ್ರಮ್ಸ್ ಹಿಂದೆ ಪೀಟ್ ಬೂಟ್ ಕೂತಿದ್ದರು.