ಹಣ್ಣು ಕೊಯ್ದ ಸಂಜೆ

ನಮಸ್ಕಾರ. ಆದಿವಾಸಿ ಹೆಣ್ಣುಮಕ್ಕಳ ಅಭಿವೃದ್ಧಿ ಅಂದ ಕೂಡಲೇ ನಮ್ಮಲ್ಲಿ ಮೊದಲು ಹೊರಗೆ ಬರೋದು ಹೊಲಿಗೆ ಯಂತ್ರ. ಅದು ಬೇಡ ಅಂತಲ್ಲ. ಆದ್ರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹೆಣ್ಣುಮಕ್ಕಳು ಆಗಲೇ ರೈತರು. ಅವರ ವರ್ಷದ ಆದಾಯ ತೀರ್ಮಾನ ಆಗೋದು ನವೆಂಬರಿಂದ ಜನವರಿವರೆಗೆ, ಕಾಫಿ ಹಣ್ಣು ಕೊಯ್ದ ದಿನದ ಸಂಜೆ.

ಬ್ರಿಟಿಷರ ಕಾಲದಿಂದ ಎಸ್ಟೇಟುಗಳಲ್ಲಿ ಕೂಲಿ ಮಾಡಿದ ಜನ ಈಗ ತಮ್ಮ ಪೋಡಿನ (ಸೋಲಿಗರ ಹಾಡಿಯ) ಪಕ್ಕದ ಎಕರೆ, ಎರಡೆಕರೆಯಲ್ಲಿ ಮರದ ನೆರಳಿಗೆ ಅರೇಬಿಕಾ ಕಾಫಿ ಹಾಕಿದ್ದಾರೆ. ರಾಗಿ ಬಿತ್ತಿದ್ರೆ ಆನೆ, ಹಂದಿ ಪಾಲು. ಕಾಫಿನ ಆನೆ ತುಳಿದು ಹೋಗಬಹುದು, ಮೇಯೋದು ಕಡಿಮೆ. ಕೊಯ್ಯೋದು, ಆರಿಸೋದು, ಹೊರೋದು ಬಹುಪಾಲು ಹೆಂಗಸರು. ತೂಕದ ಹೊತ್ತಿಗೆ ಮಾತ್ರ ಲೆಕ್ಕ ಬೇರೆಯವರ ಕೈಗೆ ಹೋಗತ್ತೆ.

ಹೇಗೆ ಅಂತೀರಾ? ಮಳೆಗಾಲದಲ್ಲಿ ಅಕ್ಕಿಗೆ, ಮಕ್ಕಳ ಖರ್ಚಿಗೆ ವ್ಯಾಪಾರಿ ಹತ್ರ ಮುಂಗಡ ತಗೊಂಡಾಗಿರತ್ತೆ. ಬ್ಯಾಂಕಿಗೆ ಯಾಕೆ ಹೋಗಲ್ಲ? 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಸಿಗೋ ಹಕ್ಕುಪತ್ರ ಮಕ್ಕಳಿಗೆ ದಾಟತ್ತೆ, ಆದ್ರೆ ಜಮೀನು ಮಾರೋ ಹಾಗಿಲ್ಲ. ಮಾರಕ್ಕಾಗದ ಜಮೀನನ್ನ ಅಡವಿಟ್ಟುಕೊಳ್ಳೋರು ಯಾರು? ಈ ನಿರ್ಬಂಧ ಸರಿಯಾಗೇ ಇದೆ, ಇಲ್ಲದಿದ್ರೆ ಇಷ್ಟೊತ್ತಿಗೆ ಅಲ್ಲೆಲ್ಲ ರೆಸಾರ್ಟ್ ಎದ್ದಿರ್ತಿತ್ತು. ಆದ್ರೆ ಅದರ ಬದಲಿಗೆ ಬೇರೆ ಸಾಲದ ದಾರಿ ಮಾಡಿಕೊಡದೆ ಬಿಟ್ಟಿದ್ದು ತಪ್ಪು. ಮುಂಗಡ ಕೊಟ್ಟವನು ಹಸಿ ಹಣ್ಣನ್ನೇ ಎತ್ತುತ್ತಾನೆ. ಕೆಂಪಿರಲಿ, ಹಸಿರಿರಲಿ, ಎಲ್ಲಕ್ಕೂ ಒಂದೇ ರೇಟು. ಒಂದೇ ರೇಟಾದ ಮೇಲೆ ಹಣ್ಣಾದ್ದನ್ನೇ ಆರಿಸಿ ಕೊಯ್ಯೋಕೆ ಯಾರಿಗೆ ತಾಳ್ಮೆ? ರೆಂಬೆ ಹಿಡಿದು ಒಂದೇ ಎಳೆತಕ್ಕೆ ಉದುರಿಸ್ತಾರೆ. ಆಮೇಲೆ ನಾವು 'ಬೆಟ್ಟದ ಕಾಫಿ ಗುಣಮಟ್ಟ ಇಲ್ಲ' ಅಂತೀವಿ.

ಈಗ ಅದೇ ಹಣ್ಣಿನ ಸಿಪ್ಪೆ ಸುಲಿಯೋ ಕೆಲಸ, ಅಂದ್ರೆ ಪಲ್ಪಿಂಗ್, ಪೋಡಿನಲ್ಲೇ ಆದ್ರೆ? 100 ಕಿಲೋ ಚೆನ್ನಾಗಿ ಹಣ್ಣಾದ ಅರೇಬಿಕಾದಿಂದ ಸುಮಾರು 20 ಕಿಲೋ ಒಣಗಿದ ಪಾರ್ಚ್‌ಮೆಂಟ್, ಅಂದ್ರೆ ಹೊಟ್ಟಿನ ಸಮೇತ ಇರೋ ಬೀಜ, ಅದರಿಂದ ಹೊಟ್ಟು ಕಳೆದ 16 ಕಿಲೋ ಆಸುಪಾಸು ಬೀಜ ಸಿಗತ್ತೆ. ಪಾರ್ಚ್‌ಮೆಂಟನ್ನ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಇಟ್ಟು ರೇಟು ನೋಡಿ ಮಾರಬಹುದು. ಹಸಿ ಹಣ್ಣಿಗೆ ಒಂದು ರಾತ್ರಿಯ ಆಯಸ್ಸೂ ಇಲ್ಲ, ಚೀಲದಲ್ಲೇ ಬಿಸಿಯಾಗಿ ಹುಳಿ ಹಿಡಿಯತ್ತೆ.

ಇಪ್ಪತ್ತು ಮನೆಯ ಸಂಘಕ್ಕೆ ಕೈಯಲ್ಲಿ ತಿರುಗಿಸೋ ಒಂದು ಸಣ್ಣ ಪಲ್ಪರ್, ಎರಡು ತೊಟ್ಟಿ, ನೆಲದಿಂದ ಸೊಂಟದೆತ್ತರಕ್ಕೆ ಜಾಲರಿ ಹಾಸಿದ ಒಣಗಿಸೋ ಮಂಚ, ಇಷ್ಟು ಸಾಕು. ಕಷ್ಟ ಇರೋದು ಕೆಲಸದ ಸೂಕ್ಷ್ಮದಲ್ಲಿ. ಮೊದಲು ಹಣ್ಣನ್ನ ನೀರಿಗೆ ಹಾಕಿ ತೇಲಿದ್ದನ್ನ ಬೇರೆ ಮಾಡಬೇಕು, ಅವು ಜೊಳ್ಳು ಇಲ್ಲಾ ಹುಳುಕು. ಪಲ್ಪರಿನ ಸಂದು ಬಿಗಿಯಾದ್ರೆ ಬೀಜ ಕತ್ತರಿಸಿಹೋಗತ್ತೆ, ಸಡಿಲಾದ್ರೆ ಸಣ್ಣ ಹಣ್ಣು ಸಿಪ್ಪೆ ಸಮೇತ ಆಚೆ ಬೀಳತ್ತೆ. ಹಾಗಾಗಿ ದಿನಾ ಮೊದಲ ಎರಡು ಹಿಡಿ ಹಾಕಿ ನೋಡಿಯೇ ಶುರು ಮಾಡಬೇಕು. ಆಮೇಲೆ ಬೀಜಕ್ಕೆ ಅಂಟಿದ ಲೋಳೆ ಕಳಚೋಕೆ ತೊಟ್ಟಿಯಲ್ಲಿ 24ರಿಂದ 36 ಗಂಟೆ. ಬೆಟ್ಟದ ಚಳಿಗೆ ಇನ್ನೂ ತಡವಾಗಬಹುದು, ಗಡಿಯಾರ ನಂಬಬೇಡಿ. ರಾಶಿಯೊಳಗೆ ಒಂದು ಕೋಲು ಚುಚ್ಚಿ ತೆಗೀರಿ: ತೂತು ಮುಚ್ಚಿಕೊಂಡ್ರೆ ಇನ್ನೂ ಆಗಿಲ್ಲ, ಹಾಗೇ ನಿಂತ್ರೆ ಆಯ್ತು. ಅಂಗೈಯಲ್ಲಿ ಉಜ್ಜಿದ್ರೆ ಜಾರಬಾರದು, ಮರಳಿನ ಹಾಗೆ ಗರಗರ ಅನ್ನಬೇಕು. ಇನ್ನೂ ಬಿಟ್ರೆ ವಿನೆಗರ್ ವಾಸನೆ ಬರತ್ತೆ. ಹಿಂದಿನ ದಿನದ ಒಂದು ಬೀಜ ತೊಟ್ಟಿಯ ಮೂಲೆಯಲ್ಲಿ ಉಳಿದಿದ್ರೂ ಆ ನಾತ ಇಡೀ ಚೀಲಕ್ಕೆ ಹತ್ತತ್ತೆ.

ಮೂರು ನಾಲ್ಕು ಸಲ ತೊಳೆದು, ಮಂಚದ ಮೇಲೆ ನಾಲ್ಕು ಸೆಂಟಿಮೀಟರಿಗಿಂತ ದಪ್ಪ ಹರಡದೆ, ಗಂಟೆಗೊಮ್ಮೆ ಕೈಯಾಡಿಸಬೇಕು. ಮೊದಲ ದಿನಗಳ ಮಧ್ಯಾಹ್ನದ ಬಿಸಿಲಿಗೆ ಹೊಟ್ಟು ಸೀಳತ್ತೆ, ಆಗ ಮುಚ್ಚಿ. ರಾತ್ರಿ ಇಬ್ಬನಿಗೂ ಮುಚ್ಚಿ. ತೇವಾಂಶ ಶೇ. 10ರ ಹತ್ತಿರ ಬರೋಕೆ ವಾರದಿಂದ ಹತ್ತು ದಿನ. ತೇವ ಅಳೆಯೋ ಮೀಟರ್ ಸಂಘಕ್ಕೊಂದು ಇರಲೇಬೇಕು. ಇಲ್ಲದಿದ್ರೆ 'ಇನ್ನೂ ಹಸಿ ಇದೆ' ಅಂತ ತೂಕ ಮುರಿಯೋನಿಗೆ ಉತ್ತರ ಕೊಡೋದು ಹೇಗೆ?

ಒಂದು ಎಚ್ಚರಿಕೆ. ಪಲ್ಪರ್ ನೀರನ್ನ ಹಳ್ಳಕ್ಕೆ ಬಿಡೋ ಹಾಗಿಲ್ಲ. ಇದು ಹುಲಿ ಸಂರಕ್ಷಿತ ಪ್ರದೇಶ, ಆ ಹಳ್ಳದ ನೀರನ್ನೇ ಪ್ರಾಣಿಗಳೂ ಕುಡಿಯೋದು, ಕೆಳಗಿನ ಪೋಡಿನವರೂ ಕುಡಿಯೋದು. ಗುಂಡಿ ತೆಗೆದು, ಸುಣ್ಣ ಹಾಕಿ ಇಂಗಿಸಿ. ಸಿಪ್ಪೆ ಗೊಬ್ಬರಕ್ಕೆ. ಇನ್ನು ಇಳುವರಿ ಆಸೆಗೆ ನೆರಳಿನ ಮರ ಕಡಿಯಿರಿ ಅಂತ ಯಾರಾದ್ರೂ ಹೇಳಿದ್ರೆ ಕೇಳಬೇಡಿ. ಬಿಸಿಲು ಬಿದ್ದ ಅರೇಬಿಕಾಗೇ ಬಿಳಿ ಕಾಂಡಕೊರಕ ಹುಳ ಜಾಸ್ತಿ ಬರೋದು.

ಇಷ್ಟೆಲ್ಲಾ ಕೊಟ್ರೂ ಕಾಗದದಲ್ಲಿ ಹೆಸರಿಲ್ಲದಿದ್ರೆ ಆ ಹೆಣ್ಣುಮಗಳು ಸ್ವಂತ ತೋಟದಲ್ಲೇ ಕೂಲಿ. ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 4(4) ಸ್ಪಷ್ಟವಾಗಿ ಹೇಳತ್ತೆ: ಮದುವೆಯಾದವರಿದ್ರೆ ಹಕ್ಕು ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಜಂಟಿಯಾಗಿ ನೋಂದಾಯಿಸಬೇಕು, ಒಬ್ಬರೇ ಮನೆ ನಡೆಸ್ತಿದ್ರೆ ಅವರ ಹೆಸರಲ್ಲಿ. ಅರ್ಜಿ ನಮೂನೆಯಲ್ಲೇ ಸಂಗಾತಿಯ ಹೆಸರಿಗೆ ಕಾಲಂ ಇದೆ. ಅದನ್ನ ಖಾಲಿ ಬಿಟ್ಟ ಅರ್ಜಿಯನ್ನ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿ ವಾಪಸ್ ಕೊಟ್ಟು ತುಂಬಿಸಬೇಕು. ಅರ್ಜಿ ತಿರಸ್ಕಾರ ಆದ್ರೆ ಕಾರಣ ತಿಳಿಸಲೇಬೇಕು, ಮೇಲ್ಮನವಿಗೆ 60 ದಿನ ಇದೆ.

2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶ ಘೋಷಣೆ ಆದ ವರ್ಷವೇ, ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ತು. ಅಂದ್ರೆ ತೀರ್ಮಾನ ಮಾಡೋ ಜಾಗ ಪೋಡಿನಲ್ಲೇ ಇದೆ. ಸಭೆಗೆ ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಅನ್ನೋದು ನಿಯಮ. ಡಿಸೆಂಬರಲ್ಲಿ ಹಗಲು ಹನ್ನೊಂದಕ್ಕೆ ಸಭೆ ಕರೆದ್ರೆ ಅವರೆಲ್ಲ ಕಾಫಿ ಗಿಡದ ಬುಡದಲ್ಲಿರ್ತಾರೆ, ಆಮೇಲೆ ರಿಜಿಸ್ಟರ್ ಮನೆಮನೆಗೆ ಸಹಿಗೆ ಹೋಗತ್ತೆ. ಕೊಯ್ಲು ಮುಗಿದ ಮೇಲೆ ಕರೀರಿ, ಫೆಬ್ರವರಿಯಲ್ಲಿ. ಮಳೆಗಾಲದ ಖರ್ಚಿಗೆ ಸಂಘದಿಂದ ಸಾಲ ಎಷ್ಟು, ಪಲ್ಪರ್ ಯಾರ ಅಂಗಳದಲ್ಲಿ ಅನ್ನೋದನ್ನೂ ಅದೇ ಸಭೆಯಲ್ಲಿ ಬರೆಸಿ.